ಕಾಗದ ಕೊಡಿ ಸಾರ್

ಹೋದ ತಿಂಗಳು ಈ ಪುಟದಲ್ಲಿ ಹೆಲ್ಮೆಟ್ ದಂಡದ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಕಾಗದಗಳು ನನ್ನ ಆಫೀಸಿನ ಮೇಜಿನ ಮೇಲೆ ಒಂದು ಕಟ್ಟಾಗಿ ಕೂತಿವೆ. ಎಲ್ಲವೂ ಶುರುವಾಗುವುದು ಒಂದೇ ಜಾಗದಿಂದ. ರಸ್ತೆ, ಬ್ಯಾರಿಕೇಡ್, ಕೈ ಅಡ್ಡ ಹಿಡಿದು ನಿಂತ ಪೊಲೀಸರು. ಹಾಗಾಗಿ ಈ ಸಲ ಪೂರ್ತಿ ಪುಟ ಅದಕ್ಕೇ ಇಟ್ಟಿದ್ದೇನೆ.

ನಾನು ದಾವಣಗೆರೆ ಕೋರ್ಟಿನಲ್ಲಿ 19 ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ನಾನು ಲಾರಿ ಡ್ರೈವರ್ ಮಗಳು. ಚೆಕ್‌ಪೋಸ್ಟ್ ಅಂದರೆ ಏನು ಅಂತ ಕಾನೂನು ಪುಸ್ತಕ ಹೇಳುವ ಮೊದಲೇ ಲಾರಿ ಕ್ಯಾಬಿನ್ನಿನಲ್ಲಿ ಕೂತು ನೋಡಿದವಳು. ಆ ಕಥೆಗೆ ಕೊನೆಯ ಪ್ರಶ್ನೆಯಲ್ಲಿ ಬರುತ್ತೇನೆ.

ಹೆಲ್ಮೆಟ್ ಹಾಕಿದ್ದೆ, ಸಿಗ್ನಲ್ ಮುರಿದಿರಲಿಲ್ಲ. ಆದರೂ ಅಡ್ಡ ಬಂದು ಬೈಕ್ ನಿಲ್ಲಿಸಿ ಕೀ ಕಿತ್ತುಕೊಂಡರು. ಆರ್‌ಸಿ ಕಾರ್ಡ್ ಮನೆಯಲ್ಲಿತ್ತು. ಮೊಬೈಲಿನಲ್ಲಿ ಡಿಜಿಲಾಕರ್ ತೋರಿಸಿದೆ. 'ಇದೆಲ್ಲ ನಡೆಯಲ್ಲ' ಎಂದು 500 ರೂಪಾಯಿ ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ಹೀಗೆ ನಿಲ್ಲಿಸುವ ಹಕ್ಕು ಅವರಿಗೆ ಇದೆಯಾ ಮೇಡಂ?
— ಬೈಕ್ ಮೆಕ್ಯಾನಿಕ್, ಹರಿಹರ

ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ವಿಷಯ ಇವೆ. ಒಂದೊಂದಕ್ಕೂ ಉತ್ತರ ಬೇರೆ ಬೇರೆ.

ನಿಲ್ಲಿಸಿದ್ದು. 'ತಪ್ಪು ಮಾಡದವರನ್ನು ಪೊಲೀಸರು ನಿಲ್ಲಿಸುವ ಹಾಗೇ ಇಲ್ಲ' ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದನ್ನು ಪೂರ್ತಿ ನಂಬಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಯೂನಿಫಾರ್ಮಿನಲ್ಲಿರುವ ಯಾವುದೇ ಪೊಲೀಸರು ಕೇಳಿದರೂ ಡಿಎಲ್ ತೋರಿಸಲೇಬೇಕು. ಆದರೆ ನಮ್ಮ ರಾಜ್ಯದ ಪೊಲೀಸ್ ಇಲಾಖೆ ತನ್ನ ಸಿಬ್ಬಂದಿಗೆ ತಾನೇ ಒಂದು ಗೆರೆ ಹಾಕಿದೆ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ತಪ್ಪು ಇಲ್ಲದಿದ್ದರೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಹೇಳಿದ್ದರು. ಮಾತು ನೆಲಕ್ಕೆ ಇಳಿಯಲಿಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಪುಟ್ಟ ಮಗುವನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ತಪಾಸಣೆಗೆ ತಡೆದಾಗ ಮಗು ರಸ್ತೆಗೆ ಬಿದ್ದು ಪ್ರಾಣ ಬಿಟ್ಟಿತು. ಆ ಫೋಟೊ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಅದಾದ ಮೇಲೆ ಡಿಜಿಪಿ ಎಂ.ಎ. ಸಲೀಂ ಸುತ್ತೋಲೆ ಹೊರಡಿಸಿದರು. ಕಾಣುವ ತಪ್ಪಿಲ್ಲದೆ ನಿಲ್ಲಿಸಬೇಡಿ, ಏಕಾಏಕಿ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ ಎಂದು.

ಇದು ಇಲಾಖೆಯ ಆದೇಶ. ಇದನ್ನು ಮುರಿದರೆ ಎಸ್‌ಪಿ ಅವರಿಗೆ ದೂರು ಕೊಡಬಹುದು. ಆದರೆ ಇದನ್ನೇ ಹಿಡಿದುಕೊಂಡು ರಸ್ತೆಯಲ್ಲಿ 'ಡಿಎಲ್ ತೋರಿಸಲ್ಲ' ಅನ್ನುವ ಹಾಗಿಲ್ಲ. ಈ ವ್ಯತ್ಯಾಸ ಗೊತ್ತಿರಲಿ.

ಕೀ. ಮೋಟಾರು ವಾಹನ ಕಾಯ್ದೆಯಲ್ಲಿ ಕೀ ಕಿತ್ತುಕೊಳ್ಳಲು ಅಧಿಕಾರ ಕೊಡುವ ಸೆಕ್ಷನ್ ಒಂದೂ ಇಲ್ಲ. ಗಾಡಿ ವಶಕ್ಕೆ ಪಡೆಯಬೇಕಾದರೆ 207ನೇ ಸೆಕ್ಷನ್ ಇದೆ. ನೋಂದಣಿ ಇಲ್ಲದ್ದು, ಲೈಸೆನ್ಸ್ ಇಲ್ಲದೆ ಓಡಿಸಿದ್ದು, ಪರ್ಮಿಟ್ ಇಲ್ಲದ್ದು, ಇಂಥವಕ್ಕೆ ಮಾತ್ರ.

ಡಿಜಿಲಾಕರ್. ನಡೆಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 139ನ್ನು 2018ರ ನವೆಂಬರಿನಲ್ಲಿ ತಿದ್ದಿ, ದಾಖಲೆ ಕಾಗದದಲ್ಲಾದರೂ ಸರಿ, ಮೊಬೈಲಿನಲ್ಲಾದರೂ ಸರಿ ಎಂದು ಮಾಡಿದ್ದಾರೆ. 2020ರ ಅಕ್ಟೋಬರ್ 1ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಆನ್‌ಲೈನಿನಲ್ಲಿ ದಾಖಲೆ ಸರಿ ಎಂದು ಕಂಡರೆ ಅಸಲು ಕಾಗದ ಕೇಳುವಂತಿಲ್ಲ. ಆದರೆ ಗ್ಯಾಲರಿಯಲ್ಲಿ ಇಟ್ಟುಕೊಂಡ ಫೋಟೊ ಬೇರೆ, ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನೊಳಗೆ ಬಂದ ದಾಖಲೆ ಬೇರೆ. ಫೋಟೊ ಸಾಲದು.

ಇನ್ನು ಆ 500 ರೂಪಾಯಿ. ನನಗೆ ಎಲ್ಲಕ್ಕಿಂತ ಸಂಕಟ ಆಗಿದ್ದು ಇದಕ್ಕೆ. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವುದು 200ನೇ ಸೆಕ್ಷನ್ ಕೆಳಗೆ, ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ಅಧಿಕಾರಿಗಳು ಮಾತ್ರ. ಕಟ್ಟಲೇಬೇಕು ಎಂದೂ ಇಲ್ಲ. 'ಕೇಸ್ ಹಾಕಿ, ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ' ಅನ್ನಬಹುದು. ಕಟ್ಟಿದರೆ ರಸೀದಿ ಬರಬೇಕು. ಅದರಲ್ಲಿ ಗಾಡಿ ನಂಬರ್, ಯಾವ ತಪ್ಪು, ಎಷ್ಟು ಹಣ, ಎಲ್ಲ ಇರಬೇಕು. ರಸೀದಿ ಇಲ್ಲದೆ ಕೈ ಬದಲಾದ ದುಡ್ಡು ದಂಡ ಅಲ್ಲ, ಲಂಚ. ಹೆದರಿಸಿ ಕಿತ್ತುಕೊಂಡಿದ್ದು, ನಿಮ್ಮ ತಪ್ಪಿಲ್ಲ. ಲೋಕಾಯುಕ್ತಕ್ಕೆ ದೂರು ಕೊಡಬಹುದು. ದಿನಾಂಕ, ಹೊತ್ತು, ಜಾಗ, ಅವರ ಎದೆಯ ಮೇಲಿನ ಹೆಸರು ಪಟ್ಟಿ, ಇಷ್ಟು ನೆನಪಿದ್ದರೆ ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಫೋನ್‌ಪೇ ಮಾಡಿದ್ದರೆ ಅದೇ ದೊಡ್ಡ ಸಾಕ್ಷಿ.

ಅಕ್ಕಾ, ನಾನು ಬೆಂಗಳೂರಿನಲ್ಲಿ ಫುಡ್ ಡೆಲಿವರಿ ಮಾಡ್ತೀನಿ. ರಾತ್ರಿ ಒಂದು ಗಂಟೆಗೆ ನಿಲ್ಲಿಸಿ, ಬ್ಯಾಗ್ ಬಿಚ್ಚಿಸಿ, ಫೋನ್ ಲಾಕ್ ತೆಗೆಸಿ ವಾಟ್ಸಾಪಿನಲ್ಲಿ 'ಗಾಂಜಾ' ಅಂತ ಹುಡುಕಿದರು. ಏನೂ ಸಿಗಲಿಲ್ಲ, ಬಿಟ್ಟರು. ನನ್ನ ಹುಡುಗಿಯ ಮೆಸೇಜ್ ಎಲ್ಲ ಓದಿ ನಕ್ಕರು. ಕೊಡಲ್ಲ ಅನ್ನಬಹುದಿತ್ತಾ?
— 22 ವರ್ಷದ ಹುಡುಗ, ಊರು ರಾಣೆಬೆನ್ನೂರು

ಅನ್ನಬಹುದಿತ್ತು ತಮ್ಮಾ. ನಿನಗೆ ಗೊತ್ತಿರಲಿಲ್ಲ, ಅದಕ್ಕೆ ನೀನು ಕೊರಗಬೇಡ.

ಖಾಸಗಿತನ ನಮ್ಮ ಮೂಲಭೂತ ಹಕ್ಕು, ಸಂವಿಧಾನದ 21ನೇ ವಿಧಿಯೊಳಗೇ ಅದು ಇದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ಯಾರು ಗೊತ್ತಾ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದರು. ಅವರು ಮಾಡಿದ ಕೆಲಸ ನಿನ್ನ ಜೇಬಿನಲ್ಲಿರುವ ಫೋನಿಗೂ ಕಾವಲು. ಈ ಸಂಗತಿ ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು ಅಂತ ನನ್ನ ಆಸೆ.

ಫೋನಿನ ಬಗ್ಗೆಯೇ ನಮ್ಮ ಹೈಕೋರ್ಟ್ 2021ರಲ್ಲಿ, ಬೆಂಗಳೂರಿನ ಒಂದು ಡ್ರಗ್ಸ್ ಕೇಸಿನಲ್ಲಿ ದೊಡ್ಡ ತೀರ್ಪು ಕೊಟ್ಟಿದೆ. ಫೋನ್ ಜಾಲಾಡುವುದು ಅಂದರೆ ಮನೆ ಜಾಲಾಡಿದ ಹಾಗೆ, ಅದಕ್ಕೆ ಕೋರ್ಟಿನ ವಾರಂಟ್ ಬೇಕು, ತೀರಾ ತುರ್ತು ಸಂದರ್ಭ ಬಿಟ್ಟು ಎಂದು. ಅದೇ ತೀರ್ಪಿನಲ್ಲಿ ಪೊಲೀಸರ ಕಡೆಗೂ ಒಂದು ಮಾತಿದೆ. ಪಾಸ್‌ವರ್ಡ್ ಹೇಳುವುದು ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳಿದ ಹಾಗಲ್ಲ ಎಂದಿದೆ. ಅಂದರೆ ಕೇಸು ದಾಖಲಾಗಿ, ವಾರಂಟ್ ತಂದರೆ 'ಕೊಡಲ್ಲ' ಅನ್ನುವುದು ಕಷ್ಟ. ರಸ್ತೆ ಬದಿಯಲ್ಲಿ, ಕೇಸೇ ಇಲ್ಲದೆ, ಬರೀ ಬಾಯಿಮಾತಿನಲ್ಲಿ ಕೇಳಿದರೆ ಕೊಡಬೇಕಾಗಿಲ್ಲ.

ಬ್ಯಾಗ್ ಮತ್ತು ಮೈ ತಪಾಸಣೆ ಬೇರೆ ಬೇರೆ. ಮಾದಕ ವಸ್ತು ಇದೆ ಎಂಬ ಅನುಮಾನಕ್ಕೆ ನಿನ್ನ ಮೈ, ಜೇಬು ಹುಡುಕುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಹುಡುಕಿ ಎಂದು ಕೇಳುವ ಹಕ್ಕು ಎನ್‌ಡಿಪಿಎಸ್ ಕಾಯ್ದೆಯ 50ನೇ ಸೆಕ್ಷನ್‌ನಲ್ಲಿ ಇದೆ. ಆ ಹಕ್ಕು ಇದೆ ಅಂತ ಅವರೇ ನಿನಗೆ ಹೇಳಬೇಕು. ಬ್ಯಾಗಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ.

ಹಾಗಾದರೆ ಏನು ಹೇಳಬೇಕು ಅಂತೀಯಾ? ದನಿ ಏರಿಸಬೇಡ. 'ಸಾರ್, ಫೋನ್ ನೋಡಲು ವಾರಂಟ್ ಇದೆಯಾ? ನನ್ನ ಮೇಲೆ ಕೇಸ್ ಇದೆಯಾ? ಇಲ್ಲ ಅಂದರೆ ನಾನು ಹೋಗಬಹುದಾ?' ಈ ಮೂರೇ ಪ್ರಶ್ನೆ. ರಾತ್ರಿ ಒಂದು ಗಂಟೆಗೆ, ಒಬ್ಬನೇ ಇದ್ದಾಗ, ಇದನ್ನು ಕೇಳಲು ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ಹೆದರಿಕೆಯಾದರೆ ಫೋನ್ ಕೊಟ್ಟುಬಿಡು, ಪೆಟ್ಟು ತಿನ್ನಬೇಡ. ಮನೆಗೆ ಹೋಗಿ ಬರೆದಿಡು. ಬೆಳಗ್ಗೆ ದೂರು ಕೊಡು.

ರಾತ್ರಿ ಓಡಾಡುವುದೇ ತಪ್ಪು ಎಂದು ಯಾರಾದರೂ ಹೇಳಿದರೆ ಅದೂ ಸುಳ್ಳು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಗಂಡ ಹೆಂಡತಿ ಹುಟ್ಟುಹಬ್ಬದ ಊಟ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದಾಗ, 11 ಗಂಟೆ ಮೇಲೆ ರಸ್ತೆಯಲ್ಲಿ ಓಡಾಡಬಾರದು ಎಂದು ಹೆದರಿಸಿ 1000 ರೂಪಾಯಿ ಪೇಟಿಎಂನಲ್ಲಿ ಹಾಕಿಸಿಕೊಂಡರು. ಗಂಡ ಅದನ್ನು ಬಹಿರಂಗವಾಗಿ ಬರೆದ. ಇಬ್ಬರು ಪೊಲೀಸರು ಸಸ್ಪೆಂಡ್ ಆದರು.

ನನ್ನ ಮಗ ಆಟೋ ಓಡಿಸುತ್ತಾನೆ. ರಾತ್ರಿ ಹತ್ತಕ್ಕೆ ನಾಕಾಬಂದಿಯಲ್ಲಿ ನಿಲ್ಲಿಸಿ, ಒಂದು ಕಳ್ಳತನದ ವಿಚಾರಣೆ ಅಂತ ಸ್ಟೇಷನ್‌ಗೆ ಕರೆದುಕೊಂಡು ಹೋದರು. ನಾನು ಓಡಿಹೋಗಿ ಕೇಳಿದರೆ, 'ಅರೆಸ್ಟ್ ಮಾಡಿಲ್ಲಮ್ಮಾ, ಸುಮ್ನೆ ಕೂರಿಸಿದೀವಿ' ಅಂದರು. ಮಾರನೇ ದಿನ ಸಂಜೆ ಬಿಟ್ಟರು. ಬೆನ್ನ ಮೇಲೆ ಬಾಸುಂಡೆ ಇತ್ತು. ಬಡವರು ನಾವು, ಏನು ಮಾಡಬೇಕು?
— ಒಬ್ಬ ತಾಯಿ (ಹೆಸರು, ಊರು ಬೇಡ ಎಂದಿದ್ದಾರೆ)

ಅಮ್ಮಾ, ನಿಮ್ಮ ಕಾಗದ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

'ಸುಮ್ನೆ ಕೂರಿಸುವುದು' ಅಂತ ಕಾನೂನಿನಲ್ಲಿ ಏನೂ ಇಲ್ಲ. ಪೊಲೀಸರು ಯಾರನ್ನಾದರೂ ವಿಚಾರಣೆಗೆ ಕರೆಯುವುದಾದರೆ ಬರಹದಲ್ಲಿ ನೋಟಿಸ್ ಕೊಡಬೇಕು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸಾಕ್ಷಿಯಾಗಿ ಕರೆಯಲು 179ನೇ ಸೆಕ್ಷನ್ ಇದೆ, ಆರೋಪಿ ಎಂದು ಅನುಮಾನ ಇದ್ದರೆ 35ನೇ ಸೆಕ್ಷನ್ ಇದೆ. ಅದು ಬಿಟ್ಟು ಬಾಗಿಲು ದಾಟಲು ಬಿಡದೆ ರಾತ್ರಿಯೆಲ್ಲ ಕೂರಿಸಿಕೊಂಡರು ಅಂದರೆ, ಅವರು ಏನೇ ಹೆಸರು ಇಡಲಿ, ಅದು ಬಂಧನವೇ. ಬಂಧನ ಅಂದ ಕೂಡಲೇ ಸಂವಿಧಾನದ 22ನೇ ವಿಧಿ ಎದ್ದು ನಿಲ್ಲುತ್ತದೆ. ಯಾಕೆ ಹಿಡಿದಿದ್ದೇವೆ ಎಂದು ಹೇಳಬೇಕು. ಅವನಿಗೆ ಬೇಕಾದ ವಕೀಲರನ್ನು ನೋಡಲು ಬಿಡಬೇಕು. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆ ಲೆಕ್ಕ ಶುರುವಾಗುವುದು ನಾಕಾಬಂದಿಯಲ್ಲಿ ಅವನನ್ನು ಹಿಡಿದ ಹೊತ್ತಿನಿಂದ. ಸ್ಟೇಷನ್ ಪುಸ್ತಕದಲ್ಲಿ ಬರೆದ ಹೊತ್ತಿನಿಂದ ಅಲ್ಲ. 24 ಗಂಟೆ ತುಂಬುವ ಮೊದಲು ಬಿಟ್ಟೆವಲ್ಲ ಅಂತ ಅವರು ಹೇಳಬಹುದು. ಕಾರಣ ಬರೆದು ಹಿಡಿಯದೆ ಒಂದು ಗಂಟೆ ಇಟ್ಟುಕೊಂಡರೂ ಅದು ತಪ್ಪೇ.

ಇದೆಲ್ಲ ಎಲ್ಲಿಂದ ಬಂತು ಅಂತ ನಿಮಗೆ ಹೇಳಬೇಕು. 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಮುಖ್ಯಸ್ಥರಾಗಿದ್ದ ಡಿ.ಕೆ. ಬಸು ಅವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದರು. ಲಾಕಪ್ಪಿನಲ್ಲಿ ಜನ ಸಾಯುತ್ತಿರುವ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಜೊತೆಗೆ ಇಟ್ಟಿದ್ದರು. ಕೋರ್ಟ್ ಆ ಕಾಗದವನ್ನೇ ಅರ್ಜಿ ಎಂದು ತೆಗೆದುಕೊಂಡಿತು. ಹತ್ತು ವರ್ಷ ಆದ ಮೇಲೆ, 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು ಇರಬೇಕು. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರು ಅಥವಾ ಊರಿನ ಮರ್ಯಾದಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. ಮನೆಯವರಿಗೆ ತಿಳಿಸಬೇಕು. ವೈದ್ಯಕೀಯ ಪರೀಕ್ಷೆ ಆಗಬೇಕು. ಈಗ ಇವು ಹೊಸ ಸಂಹಿತೆಯಲ್ಲೇ ಸೇರಿವೆ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿಯಾಗಿ ಹೇಳಿದೆ. ನಿಮ್ಮ ಮಗನಿಗೆ ಕನ್ನಡದಲ್ಲಿ ಕೊಡಬೇಕಿತ್ತು.

ಈಗ ಮಾಡಬೇಕಾದ್ದು. ಬಾಸುಂಡೆ ಮಾಸುವ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ 'ಬಿದ್ದೆ' ಅನ್ನಬೇಡಿ. ನಡೆದದ್ದನ್ನೇ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬರಬಹುದಾದ ಗಾಯ) ಎಂದು ಬರೆಸಿ, ಗಾಯದ ಸರ್ಟಿಫಿಕೇಟ್ ಕೇಳಿ. ಮಾಸಿಹೋಗಿದ್ದರೂ ಹೋಗಿ, ಫೋಟೊ ಇದ್ದರೆ ಒಯ್ಯಿರಿ. ಎರಡನೆಯದು, ಸ್ಟೇಷನ್ನಿನ ಸಿಸಿಟಿವಿ. 2020ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ಚಿತ್ರವನ್ನು 18 ತಿಂಗಳು ಇಡಬೇಕು ಎಂದಿದೆ. ಆ ರಾತ್ರಿಯ ಚಿತ್ರ ಅಳಿಸಬಾರದು ಎಂದು ಎಸ್‌ಪಿ ಆಫೀಸಿಗೆ ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ತಪ್ಪೊಪ್ಪಿಸಲು ಹೊಡೆಯುವುದು, ಹಳೆಯ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 120ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಜೈಲು ಇರುವ ಅಪರಾಧ. ಹಾಗೆ ಒಪ್ಪಿಸಿದ ಮಾತು ಕೋರ್ಟಿನಲ್ಲಿ ಸಾಕ್ಷಿಯೂ ಆಗುವುದಿಲ್ಲ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ. ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಆದರೆ ಒಂದು ವರ್ಷದೊಳಗೆ.

ದುಡ್ಡಿನ ಮಾತು ಎತ್ತಿದ್ದೀರಿ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡಬೇಕು ಎಂದು 1987ರ ಕಾಯ್ದೆ ಹೇಳುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ದೂರು ನಿಮ್ಮ ಹೆಸರಿನಲ್ಲೇ ಕೊಡಿ. ತಾಯಿ ಕೊಟ್ಟ ದೂರಿಗೆ ಕೋರ್ಟಿನಲ್ಲಿ ಬೇರೆಯದೇ ತೂಕ ಇರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪೊಲೀಸರು ಹೆಸರು, ವಿಳಾಸ ಕೇಳಿದರೆ ಹೇಳಲೇಬೇಕಾ? ಸುಮ್ಮನಿರುವ ಹಕ್ಕು ಇದೆ ಅಂತಾರಲ್ಲ?
— ಪಿಯು ವಿದ್ಯಾರ್ಥಿನಿ, ಚಿತ್ರದುರ್ಗ

ಹೆಸರು, ವಿಳಾಸ ನಿಜವಾದದ್ದನ್ನು ಹೇಳು ಮಗಳೇ. ಅವರ ಕಣ್ಣೆದುರು ಸಣ್ಣ ಅಪರಾಧ ನಡೆದು, ಹೆಸರು ಹೇಳಲು ಒಪ್ಪದಿದ್ದರೆ ಅದಕ್ಕೇ ಹಿಡಿದುಕೊಂಡು ಹೋಗಬಹುದು. ಸುಮ್ಮನಿರುವ ಹಕ್ಕು ಬರುವುದು ಸಂವಿಧಾನದ 20ನೇ ವಿಧಿಯ 3ನೇ ಭಾಗದಿಂದ. ಆರೋಪ ಹೊತ್ತವರನ್ನು ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು. ಅದು ಹೆಸರು ಮುಚ್ಚಿಡಲು ಅಲ್ಲ.

ಚುನಾವಣೆ ಹೊತ್ತಿನಲ್ಲಿ ಅಡಿಕೆ ಮಾರಿದ ದುಡ್ಡು 1 ಲಕ್ಷ 80 ಸಾವಿರ ತರುತ್ತಿದ್ದೆ. ಚೆಕ್‌ಪೋಸ್ಟಿನಲ್ಲಿ ಹಿಡಿದರು. ಬಿಡಿಸಿಕೊಳ್ಳಲು ಮೂರು ವಾರ ಓಡಾಡಿದೆ. 50 ಸಾವಿರದ ಮೇಲೆ ಇಟ್ಟುಕೊಳ್ಳುವುದು ಅಪರಾಧವಾ?
— ಅಡಿಕೆ ಬೆಳೆಗಾರ, ಚನ್ನಗಿರಿ

ಅಪರಾಧ ಅಲ್ಲ. ನಿಮ್ಮ ದುಡ್ಡು ನಿಮ್ಮದೇ. ಚುನಾವಣೆ ಹೊತ್ತಿನಲ್ಲಿ ಮತದಾರರಿಗೆ ಹಂಚುವ ಹಣ ಹಿಡಿಯಲು ಚುನಾವಣಾ ಆಯೋಗ ಮಾಡಿಕೊಂಡ ನಿಯಮ ಅದು. 50,000 ರೂಪಾಯಿಗಿಂತ ಜಾಸ್ತಿ ಇದ್ದರೆ ತಂಡದವರು ಲೆಕ್ಕ ಕೇಳುತ್ತಾರೆ. ಆದರೆ ಆ ನಿಯಮದಲ್ಲೇ ನಿಮ್ಮ ಪರವಾದ ಸಾಲುಗಳಿವೆ. ಅವನ್ನು ಯಾರೂ ರೈತರಿಗೆ ಹೇಳುವುದಿಲ್ಲ. ಹಣ ಹಿಡಿದರೆ ಅದಕ್ಕೆ ಕಾಗದ ಕೊಡಬೇಕು. ಯಾರಿಗೆ ಮೇಲ್ಮನವಿ ಕೊಡಬೇಕು ಎಂಬುದನ್ನು ಆ ಕಾಗದದಲ್ಲೇ ಬರೆದಿರಬೇಕು, ಬಾಯಲ್ಲೂ ಹೇಳಬೇಕು. ಜಿಲ್ಲೆಗೊಂದು ಮೂರು ಜನರ ಸಮಿತಿ ಇರುತ್ತದೆ, ಅದರಲ್ಲಿ ಜಿಲ್ಲಾ ಪಂಚಾಯಿತಿ ಸಿಇಒ ಇರುತ್ತಾರೆ. ಅಭ್ಯರ್ಥಿಗೂ ಪಕ್ಷಕ್ಕೂ ಸಂಬಂಧ ಇಲ್ಲ, ಎಫ್‌ಐಆರ್ ಇಲ್ಲ ಅಂದರೆ ಬಿಡುಗಡೆ ಮಾಡಬೇಕು. ಎಫ್‌ಐಆರ್ ಇಲ್ಲದೆ ಮತದಾನ ಮುಗಿದು ಏಳು ದಿನದ ಮೇಲೆ ಇಟ್ಟುಕೊಳ್ಳುವಂತೆಯೇ ಇಲ್ಲ.

ಮುಂದಿನ ಚುನಾವಣೆಗೆ ಮಂಡಿಯ ಪಟ್ಟಿ, ಪಹಣಿಯ ಜೆರಾಕ್ಸ್, ಬ್ಯಾಂಕಿನಿಂದ ತೆಗೆದಿದ್ದರೆ ಪಾಸ್‌ಬುಕ್, ಮದುವೆಗೆ ಅಂತಿದ್ದರೆ ಲಗ್ನಪತ್ರಿಕೆ, ಇವು ದುಡ್ಡಿನ ಚೀಲದಲ್ಲೇ ಇರಲಿ.

ನೈಟ್ ಡ್ಯೂಟಿ ಮುಗಿಸಿ 11.30ಕ್ಕೆ ಸ್ಕೂಟಿಯಲ್ಲಿ ಬರುವಾಗ ಊದಲು ಹೇಳಿದರು. ನಾನು ಹೆಂಗಸು, ಊದಲ್ಲ ಅಂದೆ. ಸ್ಟೇಷನ್‌ಗೆ ಬನ್ನಿ ಅಂದರು. ಯಾರದು ಸರಿ?
— ಸ್ಟಾಫ್ ನರ್ಸ್, ಶಿವಮೊಗ್ಗ

ಊದುವ ವಿಷಯದಲ್ಲಿ ಅವರು ಸರಿ ಸಿಸ್ಟರ್. ಕುಡಿದಿರಬಹುದು ಎಂಬ ಸಕಾರಣ ಅನುಮಾನ ಇದ್ದರೆ, ಯೂನಿಫಾರ್ಮಿನಲ್ಲಿರುವ ಪೊಲೀಸರು ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ ಕೆಳಗೆ ಊದಲು ಹೇಳಬಹುದು. ಇದಕ್ಕೆ ಗಂಡು ಹೆಣ್ಣು ಭೇದ ಇಲ್ಲ. ಒಲ್ಲೆ ಅಂದರೆ ಹಿಡಿದು ರಕ್ತ ಪರೀಕ್ಷೆಗೆ ಕಳಿಸುವ ಅಧಿಕಾರವೂ ಇದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೊಸ ನಳಿಕೆ ಕೇಳಿ. ಯಂತ್ರದಲ್ಲಿ ಬಂದ ಅಂಕಿ ತೋರಿಸಿ ಅನ್ನಿ. ಅಷ್ಟು ಕೇಳುವುದು ಯಾರಿಗೂ ಅಗೌರವ ಅಲ್ಲ.

ಆದರೆ ರಾತ್ರಿ ಸ್ಟೇಷನ್‌ಗೆ ಬನ್ನಿ ಅನ್ನುವ ಮಾತಿಗೆ ನೀವು ಹೆದರಬೇಕಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸಬಾರದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್ ಹೇಳುತ್ತದೆ. ತೀರಾ ವಿಶೇಷ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ, ಮೊದಲೇ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಮಾಡಬೇಕು. ಮೈ ತಪಾಸಣೆಯನ್ನು ಹೆಂಗಸರೇ, ಮರ್ಯಾದೆಯಿಂದ ಮಾಡಬೇಕು. ಬ್ಯಾಗು ನೋಡುವ ನೆಪದಲ್ಲಿ ಗಂಡಸರು ಮೈ ಮುಟ್ಟಿದರೆ ಅಲ್ಲೇ ಜೋರಾಗಿ ಹೇಳಿ, 112ಕ್ಕೆ ಫೋನ್ ಮಾಡಿ. ಇಲ್ಲಿ ಮಾತ್ರ ದನಿ ಏರಿಸಿ ಅಂತ ನಾನು ಹೇಳುತ್ತೇನೆ.

ಸಂತೆಯಲ್ಲಿ ಎಚ್‌ಎಫ್ ಹಸು ಕೊಂಡು ಪಿಕಪ್‌ನಲ್ಲಿ ತರುತ್ತಿದ್ದೆ. ಬೈಕಿನಲ್ಲಿ ಬಂದ ಏಳೆಂಟು ಹುಡುಗರು ಅಡ್ಡ ಹಾಕಿ ಕಾಗದ ತೋರಿಸು ಅಂದರು. ಅವರು ಪೊಲೀಸರಲ್ಲ. ತೋರಿಸಬೇಕಾ?
— ಹಾಲು ಉತ್ಪಾದಕ, ಹಾವೇರಿ ಜಿಲ್ಲೆ

ತೋರಿಸಬೇಕಿಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕಾಗದ ಕೇಳುವ ಅಧಿಕಾರ ಖಾಸಗಿಯವರಿಗೆ ಯಾವ ಕಾನೂನೂ ಕೊಟ್ಟಿಲ್ಲ. ಹಾಗೆ ಅಡ್ಡ ಹಾಕುವುದೇ ಅಪರಾಧ. ಸಾಮಾನ್ಯ ಜನ ಒಬ್ಬರನ್ನು ಹಿಡಿಯಬಹುದಾದ ಸಂದರ್ಭ ಒಂದಿದೆ. ಜಾಮೀನು ಸಿಗದಂಥ ದೊಡ್ಡ ಅಪರಾಧ ಅವರ ಕಣ್ಣೆದುರೇ ನಡೆಯಬೇಕು, ಹಿಡಿದ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಸು ಸಾಗಿಸುವುದನ್ನು ನೋಡಿ ಊಹೆ ಮಾಡಿಕೊಳ್ಳುವುದು ಅದರಲ್ಲಿ ಬರುವುದಿಲ್ಲ. ಗಾಡಿಯಿಂದ ಇಳಿಯಬೇಡಿ, ಕಿಟಕಿ ಏರಿಸಿ, 112ಕ್ಕೆ ಫೋನ್ ಮಾಡಿ. ಸಂತೆಯ ರಸೀದಿಯನ್ನು ಪೊಲೀಸರಿಗೆ ತೋರಿಸಿ. ಗುಂಪು ಹಿಂಸೆ ತಡೆಯಲು ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಿಮ್ಮ ದೂರಿನ ಒಂದು ಪ್ರತಿ ಅವರಿಗೂ ಹೋಗಲಿ.

ತಪಾಸಣೆ ಮಾಡುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಬಹುದಾ?
— ಇದನ್ನು ಒಂಬತ್ತು ಜನ ಕೇಳಿದ್ದಾರೆ

ಮಾಡಬಹುದು. ಸಾರ್ವಜನಿಕ ರಸ್ತೆಯಲ್ಲಿ ಕೆಲಸ ಮಾಡುತ್ತಿರುವ ಪೊಲೀಸರ ಚಿತ್ರ ತೆಗೆಯಬಾರದು ಎಂಬ ಕಾನೂನು ಇಲ್ಲ. ಅಡ್ಡಿ ಮಾಡಬಾರದು ಅಷ್ಟೇ. ಎರಡು ಹೆಜ್ಜೆ ದೂರ ನಿಲ್ಲಿ, ಮುಖಕ್ಕೆ ಹಿಡಿಯಬೇಡಿ, ಬೈಯಬೇಡಿ. ಕೈ ಕೈ ಮಿಲಾಯಿಸಿದರೆ ಸರ್ಕಾರಿ ನೌಕರರ ಮೇಲೆ ಹಲ್ಲೆ ಎಂಬ ದೊಡ್ಡ ಕೇಸು ನಿಮ್ಮ ತಲೆಗೇ ಸುತ್ತಿಕೊಳ್ಳುತ್ತದೆ. ಕ್ಯಾಮೆರಾ ಬೇಕು ಎಂದು ಕೋರ್ಟುಗಳೇ ಹೇಳುತ್ತಿವೆ. ಬೆಳಗಾವಿ ಜಿಲ್ಲೆಯ ಒಬ್ಬ ಕಾನೂನು ವಿದ್ಯಾರ್ಥಿಗೆ ಕೋಳ ಹಾಕಿ ಊರಲ್ಲಿ ಮೆರವಣಿಗೆ ಮಾಡಿದ್ದಕ್ಕೆ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿಸುವ ಅಧಿಕಾರಿಗಳ ಮೈಮೇಲೆ ಕ್ಯಾಮೆರಾ ಇರಲಿ ಎಂದೂ ಹೇಳಿತು. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪೊಲೀಸರೇ ವಿಡಿಯೊ ಮಾಡಬೇಕು. ಅವರು ಮಾಡುವುದನ್ನೇ ನೀವೂ ಮಾಡಿದರೆ ತಪ್ಪೇನು?

30 ವರ್ಷದಿಂದ ಲಾರಿ ಓಡಿಸುತ್ತೇನೆ. ಹದಿನೈದು ದಿನದ ಹಿಂದೆ ಓವರ್‌ಸ್ಪೀಡ್ ಕೂಡ ಇಲ್ಲ, ಕುಡಿದೂ ಇರಲಿಲ್ಲ. ಮಾತಿಗೆ ಮಾತು ಬೆಳೆದು ಡಿಎಲ್ ಇಟ್ಟುಕೊಂಡರು. ಚೀಟಿ ಕೊಟ್ಟಿಲ್ಲ. ಮಾಲೀಕರು ಡಿಎಲ್ ಇಲ್ಲದೆ ಗಾಡಿ ಕೊಡುತ್ತಿಲ್ಲ. ಏನು ಮಾಡಲಿ ಮೇಡಂ?
— ಲಾರಿ ಚಾಲಕ, ಹುಬ್ಬಳ್ಳಿ

ಅಣ್ಣಾ, ನಿಮ್ಮ ಕಾಗದ ನಮ್ಮ ಅಪ್ಪನ ಕಾಗದದ ಹಾಗೇ ಇದೆ. ಅಪ್ಪ ಮಾತ್ರ ಯಾರಿಗೂ ಬರೆಯಲಿಲ್ಲ.

ಅಪ್ಪ ದಾವಣಗೆರೆಯಿಂದ ಮೆಕ್ಕೆಜೋಳ, ಹತ್ತಿ ತುಂಬಿಕೊಂಡು ಪುಣೆ ಕಡೆ ಹೋಗುತ್ತಿದ್ದರು. ಆರ್‌ಸಿ ಪುಸ್ತಕದೊಳಗೆ ಹತ್ತರ ನೋಟುಗಳನ್ನು ಒಂದೊಂದಾಗಿ ಮಡಿಸಿ ಇಡುತ್ತಿದ್ದರು. ದಸರಾ ರಜೆಯಲ್ಲಿ ಜೊತೆಗೆ ಹೋಗಿದ್ದಾಗ ಯಾಕೆ ಅಂತ ಕೇಳಿದ್ದೆ. 'ಇದು ಓದೋ ಪುಸ್ತಕ ಅಲ್ಲವ್ವಾ, ತಿನ್ನೋ ಪುಸ್ತಕ' ಅಂದಿದ್ದರು. 1994ರಲ್ಲಿ ಒಂದು ಚೆಕ್‌ಪೋಸ್ಟಿನಲ್ಲಿ ಅವರ ಹತ್ತಿರ ನೋಟು ಇರಲಿಲ್ಲ. ಲೈಸೆನ್ಸ್ ಇಟ್ಟುಕೊಂಡರು. ಚೀಟಿ ಕೊಡಲಿಲ್ಲ. ಹನ್ನೊಂದು ದಿನ ಅಪ್ಪ ಮನೆಯ ಕಟ್ಟೆ ಮೇಲೆ ಕೂತಿದ್ದರು. ಅವ್ವನ ಬೆಂಡೋಲೆ ಗಿರವಿ ಅಂಗಡಿಗೆ ಹೋಯಿತು. ಅವು ಮನೆಗೆ ವಾಪಸ್ ಬರಲಿಲ್ಲ.

ಕಾನೂನು ಓದುವಾಗ ಎರಡನೇ ವರ್ಷ ನಾನು ಮೋಟಾರು ವಾಹನ ಕಾಯ್ದೆಯ 206ನೇ ಸೆಕ್ಷನ್ ಓದಿದೆ. ಲೈಸೆನ್ಸ್ ವಶಪಡಿಸಿಕೊಂಡ ಅಧಿಕಾರಿ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಬೇಕು. ಲೈಸೆನ್ಸ್ ವಾಪಸ್ ಬರುವವರೆಗೆ, ಅಥವಾ ಚೀಟಿಯಲ್ಲಿ ಬರೆದ ದಿನದವರೆಗೆ, ಆ ಚೀಟಿಯ ಮೇಲೆಯೇ ಗಾಡಿ ಓಡಿಸಬಹುದು. ಅಂದರೆ ಚೀಟಿ ಕೇಳಿ ಪಡೆದಿದ್ದರೆ ಅಪ್ಪ ಆ ಹನ್ನೊಂದು ದಿನವೂ ಲಾರಿ ಓಡಿಸಬಹುದಿತ್ತು. ಕಾನೂನು ಅದನ್ನು ಬರೆದಿಟ್ಟಿತ್ತು. ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅವತ್ತು ಲೈಬ್ರರಿಯಲ್ಲಿ ಕೂತು ಅತ್ತಿದ್ದೆ. ಈ ಅಂಕಣ ಬರೆಯಲು ಒಪ್ಪಿಕೊಂಡಿದ್ದೂ ಅದಕ್ಕೇ.

ನಿಮ್ಮ ವಿಷಯ ಹೀಗಿದೆ. ಲೈಸೆನ್ಸ್ ಸುಳ್ಳು ಎಂಬ ಅನುಮಾನ ಇರಬೇಕು, ಅಥವಾ ಕೇಸಿರುವ ಚಾಲಕ ತಲೆ ತಪ್ಪಿಸಿಕೊಳ್ಳಬಹುದು ಎಂಬ ಕಾರಣ ಇರಬೇಕು, ಆಗ ಮಾತ್ರ ಹೀಗೆ ಇಟ್ಟುಕೊಳ್ಳಬಹುದು. 2019ರ ತಿದ್ದುಪಡಿಯಲ್ಲಿ ಇನ್ನಷ್ಟು ಸೇರಿವೆ. ಅತಿ ವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು ಇಂಥವಕ್ಕೆ ಲೈಸೆನ್ಸ್ ತೆಗೆದುಕೊಂಡು ಆರ್‌ಟಿಒಗೆ ಕಳಿಸಬಹುದು. ಆಗಲೂ ಚೀಟಿ ಕೊಡಬೇಕು, ಆದರೆ ಆ ಚೀಟಿಯ ಮೇಲೆ ಗಾಡಿ ಓಡಿಸುವಂತಿಲ್ಲ. ನೀವು ಬರೆದಿರುವುದು ನಿಜವಾದರೆ ನಿಮ್ಮದು ಇವು ಯಾವುದೂ ಅಲ್ಲ. 'ಮಾತಿಗೆ ಮಾತು' ಅಂತ ಕಾಯ್ದೆಯಲ್ಲಿ ಕಾರಣ ಇಲ್ಲ.

ಒಂದು ಅರ್ಜಿ ಬರೆಯಿರಿ. ಇಂಥ ದಿನ, ಇಂಥ ಹೊತ್ತು, ಇಂಥ ಜಾಗ, ಲಾರಿ ನಂಬರ್, ಡಿಎಲ್ ನಂಬರ್, 206ನೇ ಸೆಕ್ಷನ್ ಪ್ರಕಾರ ಸ್ವೀಕೃತಿ ಕೊಟ್ಟಿಲ್ಲ, ಲೈಸೆನ್ಸ್ ವಾಪಸ್ ಕೊಡಿಸಿ ಅಂತ ಬರೆದರೆ ಸಾಕು. ಎರಡು ಪ್ರತಿ ಮಾಡಿ. ಒಂದನ್ನು ಆ ಠಾಣೆಗೆ, ಇನ್ನೊಂದನ್ನು ಪೊಲೀಸ್ ಕಮಿಷನರ್ ಅಥವಾ ಎಸ್‌ಪಿ ಆಫೀಸಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. ಪೋಸ್ಟಿನ ರಸೀದಿ ಜೋಪಾನ. ಒಂದು ವಾರದಲ್ಲಿ ಉತ್ತರ ಬರದಿದ್ದರೆ ನಿಮ್ಮ ಊರಿನ ಕಾನೂನು ಸೇವಾ ಸಮಿತಿಗೆ ಹೋಗಿ. ದಾವಣಗೆರೆ ಕಡೆ ಲೋಡ್ ಬಂದರೆ ನನ್ನ ಆಫೀಸಿಗೇ ಬನ್ನಿ, ಅರ್ಜಿ ನಾನು ಬರೆದು ಕೊಡುತ್ತೇನೆ. ಫೀಸು ಬೇಡ. ಬರುವಾಗ ಡಿಎಲ್ ಜೆರಾಕ್ಸ್ ಇದ್ದರೆ ತನ್ನಿ.